ಚಿತ್ರ ಮೊದಲು, ಘಟನೆ ಆಮೇಲೆ: ನಕಲುಗಳ ನಡುವೆ ಅರ್ಥ ಎಲ್ಲಿ ಹುಟ್ಟುತ್ತದೆ?

ನಿಧಾನಓದು

2023ರ ಮೇ 22ರಂದು ಟ್ವಿಟರ್‌ನಲ್ಲಿ ಒಂದು ಚಿತ್ರ ಹರಿದಾಡಿತು. ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್ ಕಟ್ಟಡದ ಪಕ್ಕ ಸ್ಫೋಟ, ಮೇಲಕ್ಕೇಳುವ ಕಪ್ಪು ಹೊಗೆ. ಅಂಥದ್ದೇನೂ ನಡೆದಿರಲಿಲ್ಲ. ಎಐ ತಯಾರಿಸಿದ ಚಿತ್ರದ ಗುರುತುಗಳು ಅದರಲ್ಲಿದ್ದವು. ಬೇಲಿಯೂ ತಡೆಕಂಬಿಗಳೂ ಒಂದರೊಳಗೊಂದು ಕರಗಿದ್ದವು. ಅಲ್ಲಿನ ಅಗ್ನಿಶಾಮಕ ದಳ ಬೇಗನೇ ಸುದ್ದಿಯನ್ನು ಅಲ್ಲಗಳೆಯಿತು. ಆದರೆ ಅಷ್ಟರೊಳಗೆ ಅಮೆರಿಕದ ಷೇರುಪೇಟೆ ಕೆಲವು ನಿಮಿಷ ಜಾರಿ, ಮತ್ತೆ ಎದ್ದಿತ್ತು. ಆಗದೇ ಇದ್ದ ಸ್ಫೋಟಕ್ಕೆ ನಿಜವಾದ ದುಡ್ಡು ಅತ್ತಿತ್ತ ಹೋಯಿತು.

ಇದನ್ನು ಯೋಚಿಸಿದಾಗೆಲ್ಲ ಫ್ರಾನ್ಸಿನ ಚಿಂತಕ ಜಾನ್ ಬೋದ್ರಿಯಾರ್ ನೆನಪಾಗುತ್ತಾರೆ. 1929ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡವರು. ಎಐ ಚಿತ್ರಗಳನ್ನು ನೋಡಲೇ ಇಲ್ಲ. ಆದರೂ 1981ರ 'ಸಿಮ್ಯುಲಾಕ್ರಾ ಅಂಡ್ ಸಿಮ್ಯುಲೇಶನ್' (ಅಸಲಿಲ್ಲದ ನಕಲುಗಳು ಮತ್ತು ಅನುಕರಣೆ) ಪುಸ್ತಕದಲ್ಲಿ ಅವರು ಮಾತಾಡಿದ್ದು ಇಂಥದ್ದರ ಬಗ್ಗೆಯೇ. ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್ ಬರೆದ ಪುಟ್ಟ ಕಥೆಯೊಂದರಿಂದ ಅವರು ಶುರು ಮಾಡುತ್ತಾರೆ. ಒಂದು ಸಾಮ್ರಾಜ್ಯದ ನಕಾಶೆಗಾರರು ಸಾಮ್ರಾಜ್ಯದಷ್ಟೇ ದೊಡ್ಡ ನಕಾಶೆ ಮಾಡುತ್ತಾರೆ. ಮುಂದಿನ ತಲೆಮಾರಿಗೆ ಅದು ಬೇಡವಾಗುತ್ತದೆ, ಮರುಭೂಮಿಯಲ್ಲಿ ಚಿಂದಿಯಾಗಿ ಬೀಳುತ್ತದೆ. ಬೋದ್ರಿಯಾರ್ ಇದನ್ನು ತಲೆಕೆಳಗು ಮಾಡಿದರು. ಈಗ ನಕಾಶೆ ಮೊದಲು ಬರುತ್ತದೆ, ನೆಲ ಆಮೇಲೆ. ಚಿಂದಿಯಾಗುತ್ತಿರುವುದು ನೆಲವೇ.

ಚಿತ್ರಕ್ಕೆ ಅವರು ನಾಲ್ಕು ಹಂತ ಹೇಳುತ್ತಾರೆ. ಮೊದಲು ಅದು ನಿಜವನ್ನು ತೋರಿಸುತ್ತದೆ. ಆಮೇಲೆ ನಿಜವನ್ನು ಮುಚ್ಚಿ ತಿರುಚುತ್ತದೆ. ಮೂರನೆಯದರಲ್ಲಿ, ಅಲ್ಲಿ ನಿಜವೇ ಇಲ್ಲ ಎಂಬುದನ್ನು ಮುಚ್ಚುತ್ತದೆ. ಕೊನೆಗೆ ಯಾವ ನಿಜದ ಜೊತೆಗೂ ಅದಕ್ಕೆ ಸಂಬಂಧ ಉಳಿಯುವುದಿಲ್ಲ. ಜನ ಜಾಸ್ತಿ ಚರ್ಚಿಸುವುದು ಕೊನೆಯದನ್ನು. ನನಗೆ ಮೂರನೆಯದು ಹೆಚ್ಚು ಕಾಡುತ್ತದೆ. ಅಮೆರಿಕದ ಮನರಂಜನಾ ಉದ್ಯಾನ ಡಿಸ್ನಿಲ್ಯಾಂಡ್ ಬಗ್ಗೆ ಅವರು ಹೇಳಿದ್ದು ಅದನ್ನೇ: ಅದೊಂದು ಕಲ್ಪನೆಯ ಲೋಕ ಅಂತ ಢಾಳಾಗಿ ತೋರಿಸುವುದರಿಂದ, ಅದರ ಗೇಟಿನ ಹೊರಗಿರುವುದೆಲ್ಲ ನಿಜ ಅಂತ ನಮಗೆ ಅನ್ನಿಸುತ್ತದೆ.

ಚಿತ್ರ ಘಟನೆಗಿಂತ ಮುಂದೆ ಓಡುತ್ತಿದೆ ಎಂಬ ಅವರ ವಿವರಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದ ನಿಜವೇ ಕಳೆದುಹೋಯಿತು ಎಂಬ ಅವರ ತೀರ್ಮಾನವನ್ನು ಒಪ್ಪುವುದಿಲ್ಲ. ಪೆಂಟಗನ್ ಚಿತ್ರವನ್ನೇ ನೋಡಿ. ಅದನ್ನು ತಡೆದದ್ದು ಇನ್ನೊಂದು ಚಿತ್ರವಲ್ಲ. ಸ್ಥಳದಲ್ಲಿದ್ದ ಒಂದು ಇಲಾಖೆ, ತನ್ನ ಹೆಸರು ಹಾಕಿ, ಇಲ್ಲಿ ಏನೂ ಆಗಿಲ್ಲ ಅಂದಿತು. ಹಾಗೆ ಹೆಸರು ಹಾಕಿ ಉತ್ತರ ಕೊಡುವವರು ಇರುವವರೆಗೆ ಆಟ ಮುಗಿದಿಲ್ಲ ಅಂತ ನನಗನ್ನಿಸುತ್ತದೆ. ನಿಮಗೆ?

ಕಪ್ಪುಹಲಗೆ

ಒಂದು ಸಣ್ಣ ಸಂದೇಹ. ನಾವೆಲ್ಲ ಯಾವುದೋ ಕಂಪ್ಯೂಟರಿನೊಳಗೆ ಬದುಕುತ್ತಿದ್ದೇವೆ ಅಂತಾರಲ್ಲ, ಇದು ಅದೇ ವಾದವೇ? ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ಸಿಮ್ಯುಲೇಶನ್ ಅಂದ ತಕ್ಷಣ ಅಲ್ಲಿಗೇ ಓಡುತ್ತಾರೆ.

ಅರ್ಧವಿರಾಮ

ಅದು ಬೇರೆ, ಕಪ್ಪುಹಲಗೆ ಅವರೇ. ನೀವು ಹೇಳುವುದು ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2003ರಲ್ಲಿ ಮಂಡಿಸಿದ ವಾದ. ಮುಂದೆಂದೋ ಒಂದು ನಾಗರಿಕತೆ ತನ್ನ ಪೂರ್ವಜರ ಬದುಕನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿ ಮಾಡುವಷ್ಟು ಬೆಳೆದು, ಹಾಗೆ ಮಾಡಿಯೂ ಬಿಟ್ಟರೆ, ನಾವೂ ಅಂಥ ಸೃಷ್ಟಿಯೇ ಇರುವ ಸಾಧ್ಯತೆ ದೊಡ್ಡದು ಅಂತ. ಅಲ್ಲಿ ಹೊರಗೆ ಎಲ್ಲೋ ಒಂದು ಅಸಲಿ ಲೋಕ ಇದ್ದೇ ಇರುತ್ತದೆ. ಬೋದ್ರಿಯಾರ್ ಮಾತಿನಲ್ಲಿ ಆ ಹೊರಗೇ ಇಲ್ಲ.

ಈ ಗೊಂದಲಕ್ಕೆ 1999ರ 'ದ ಮೇಟ್ರಿಕ್ಸ್' ಸಿನಿಮಾ ಒಂದು ಕಾರಣ. ಅದರಲ್ಲಿ ಜನ ಕಂಪ್ಯೂಟರ್ ಕಟ್ಟಿದ ಲೋಕವನ್ನೇ ನಿಜ ಅಂದುಕೊಂಡು ಬದುಕುತ್ತಾರೆ. ನಾಯಕ ಡಿಸ್ಕ್ ಬಚ್ಚಿಡುವ ಟೊಳ್ಳು ಪುಸ್ತಕ ಬೋದ್ರಿಯಾರ್‌ದೇ. ಸಿನಿಮಾ ತಮ್ಮನ್ನು ತಪ್ಪಾಗಿ ಓದಿಕೊಂಡಿದೆ ಅಂತ ಆಮೇಲೆ ಅವರೇ ಹೇಳಿದರು. ಕಣ್ಣಿಗೆ ಕಟ್ಟಿದ ಪರದೆ ಕಿತ್ತರೆ ನಿಜ ಕಾಣುತ್ತದೆ ಎಂಬ ಭರವಸೆ ಪ್ರಾಚೀನ ಗ್ರೀಕ್ ಚಿಂತಕ ಪ್ಲೇಟೋನ ಗುಹೆಯ ಕಥೆಯದ್ದು; ಅಲ್ಲಿ ಗೋಡೆಯ ಮೇಲಿನ ನೆರಳನ್ನೇ ನಿಜ ಅಂದುಕೊಂಡವರಿಗೆ ಹೊರಗೆ ಬಂದರೆ ನಿಜ ಕಾಣುತ್ತದೆ. ಬೋದ್ರಿಯಾರ್ ಅದನ್ನು ಕೊಡುವುದೇ ಇಲ್ಲ.

ಇನ್ನೊಂದು ವಿಷಯ. ಅವರ ಪುಸ್ತಕ ಶುರುವಾಗುವುದು ಬೈಬಲ್ಲಿನ ಪ್ರಸಂಗಿ ಗ್ರಂಥದ್ದು ಅಂತ ಹಾಕಿದ ಒಂದು ವಾಕ್ಯದಿಂದ. ಆ ಗ್ರಂಥದಲ್ಲಿ ಆ ವಾಕ್ಯ ಇಲ್ಲ. ಅಸಲಿಲ್ಲದ ನಕಲಿನ ಬಗೆಗಿನ ಪುಸ್ತಕದ ಮೊದಲ ಸಾಲೇ ಅಸಲಿಲ್ಲದ ಉಲ್ಲೇಖ. ಓದುಗ ಹೋಗಿ ಬೈಬಲ್ ತೆಗೆದು ನೋಡಿದರೆ ಸಿಕ್ಕಿಬೀಳುತ್ತದೆ. ಹೀಗೆ ಪರೀಕ್ಷೆ ಮಾಡಬಹುದು ಅನ್ನುವುದೇ ನಿಧಾನಓದು ಅವರ ವಾದಕ್ಕೆ ಬಲ ಕೊಡುತ್ತದೆ ಅಲ್ವಾ?

ಡೆಸ್ಕ್_ರಾತ್ರಿಪಾಳಿ

ನಾನು ಸುದ್ದಿ ಡೆಸ್ಕಿನಲ್ಲಿ ವಿಡಿಯೋ ಎಡಿಟ್ ಮಾಡುವವನು. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ದೃಶ್ಯ ಇಲ್ಲದ ಸುದ್ದಿ ಅರ್ಧ ಸತ್ತ ಹಾಗೆ. ಘಟನೆ ಈಗ ಆಗಿದೆ, ಕ್ಯಾಮೆರಾ ಇನ್ನೂ ತಲುಪಿಲ್ಲ. ಆಗ ಹಳೆಯ ದೃಶ್ಯ ಹುಡುಕುತ್ತೇವೆ. ಪ್ರವಾಹ ಅಂದರೆ ಹೋದ ಸಲದ ಪ್ರವಾಹ. ಮೂಲೆಯಲ್ಲಿ ಸಣ್ಣದಾಗಿ 'ಸಂಗ್ರಹ ಚಿತ್ರ' ಅಂತ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಹೊಸ ದೃಶ್ಯ ಬಂದಾಗ ನಾವು ಅದರಲ್ಲಿ ಆರಿಸುವುದೂ ಹಳೆಯದಕ್ಕೆ ಹೋಲುವ ತುಣುಕುಗಳನ್ನೇ. ಕುತ್ತಿಗೆ ಮಟ್ಟದ ನೀರು, ದೋಣಿ, ಅಳುವ ಮುಖ. ನೀರು ಇಳಿದ ಮೇಲೆ ಉಳಿಯುವ ಕೆಸರನ್ನು ಯಾರೂ ಕೇಳುವುದಿಲ್ಲ. ಪ್ರವಾಹ ಹೇಗೆ ಕಾಣಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಇದರಲ್ಲಿ ಎಐ ಎಲ್ಲೂ ಇಲ್ಲ ಗಮನಿಸಿ.

ಅಮೆರಿಕದ ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್ 1960ರ ದಶಕದ ಆರಂಭದಲ್ಲೇ ಇದನ್ನು ಗುರುತಿಸಿದ್ದರು. ಅವರು ಕೊಟ್ಟ ಉದಾಹರಣೆ ಇದು. ಒಂದು ಹೋಟೆಲಿನವರಿಗೆ ಹೆಸರು ಬೇಕು. ಅಡುಗೆಯವರನ್ನು ಬದಲಿಸಬಹುದು, ಕೊಳಾಯಿ ಸರಿ ಮಾಡಿಸಬಹುದು, ಗೋಡೆಗೆ ಬಣ್ಣ ಹೊಡೆಸಬಹುದು. ಪ್ರಚಾರ ಸಲಹೆಗಾರ ಇನ್ನೊಂದು ದಾರಿ ಹೇಳುತ್ತಾನೆ: ಮೂವತ್ತನೇ ವಾರ್ಷಿಕೋತ್ಸವ ಮಾಡಿ. ಊರ ಗಣ್ಯರ ಸಮಿತಿ ಮಾಡಿ. ಫೋಟೋ ತೆಗೆಸಿ, ಪತ್ರಿಕೆಯಲ್ಲಿ ಹಾಕಿಸಿ. ಹೋಟೆಲು ಗಣ್ಯ ಸಂಸ್ಥೆ ಅಂತ ಉತ್ಸವ ಸಾರುತ್ತದೆ. ಉತ್ಸವದ ವರದಿ ಬಂದ ಮೇಲೆ ಅದು ನಿಜವಾಗಿಯೇ ಗಣ್ಯ ಸಂಸ್ಥೆ ಆಗಿಬಿಡುತ್ತದೆ. ವರದಿಯಾಗಲೆಂದೇ ಹುಟ್ಟಿದ ಘಟನೆ. ನಮ್ಮ ಡೆಸ್ಕಿಗೆ ದಿನವೂ ಬರುವುದರಲ್ಲಿ ಇಂಥದ್ದೇ ಜಾಸ್ತಿ.

ಯುದ್ಧದ ವಿಷಯದಲ್ಲೂ ಹೀಗೇ. ಇರಾಕ್ ವಿರುದ್ಧ ಅಮೆರಿಕ ಮತ್ತು ಮಿತ್ರದೇಶಗಳು ನಡೆಸಿದ 1991ರ ಕೊಲ್ಲಿ ಯುದ್ಧದಲ್ಲಿ ಟೀವಿ ಮತ್ತೆ ಮತ್ತೆ ತೋರಿಸಿದ್ದು ಗುರಿಯನ್ನು ಹುಡುಕಿಕೊಂಡು ಹೋಗುವ ಸ್ಮಾರ್ಟ್ ಬಾಂಬುಗಳನ್ನು. ಕಪ್ಪು ಬಿಳುಪು ಪರದೆ, ನಡುವೆ ಗುರಿಯ ಗೆರೆ, ಕಟ್ಟಡ, ಮೌನವಾದ ಸ್ಫೋಟ. ಆದರೆ ಅಮೆರಿಕದ ಕಡೆಯವರು ಹಾಕಿದ ಬಾಂಬುಗಳಲ್ಲಿ ಅಂಥವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದವು ಸುಮ್ನೆ ಮೇಲಿನಿಂದ ಬೀಳುವ ಸಾಮಾನ್ಯ ಬಾಂಬುಗಳು. ತೋರಿಸಿದ ಒಂದೊಂದು ದೃಶ್ಯವೂ ಅಸಲಿ. ಒಟ್ಟು ಸೇರಿ ಕಟ್ಟಿಕೊಟ್ಟ ಯುದ್ಧ ಮಾತ್ರ ನಡೆದ ಯುದ್ಧ ಆಗಿರಲಿಲ್ಲ. ಅದಕ್ಕೇ ಕೊಲ್ಲಿ ಯುದ್ಧ ನಡೆಯಲೇ ಇಲ್ಲ ಅಂತ ಬೋದ್ರಿಯಾರ್ ಬರೆದಾಗ ನನಗೆ ಅದು ಹುಚ್ಚು ಮಾತು ಅನ್ನಿಸಲಿಲ್ಲ.

ಬಿಸಿಲುಕುದುರೆ

ರಾತ್ರಿಪಾಳಿ ಅವರೇ, ನಿಮ್ಮ ಡೆಸ್ಕಿನ ಮಾತು ಒಪ್ಪುತ್ತೇನೆ. ಕೊನೆಯ ವಾಕ್ಯವನ್ನು ಒಪ್ಪಲು ಆಗುವುದೇ ಇಲ್ಲ.

1991ರ ಫೆಬ್ರುವರಿ 13ರ ಬೆಳಗಿನ ಜಾವ, ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಎರಡು ಬಾಂಬುಗಳು ಬಿದ್ದವು. ಒಳಗೆ ಮಲಗಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ನಾನೂರಕ್ಕೂ ಹೆಚ್ಚು ಜನ ಸತ್ತರು. ಅದು ಸೇನೆಯ ನಿಯಂತ್ರಣ ಕೇಂದ್ರ ಅಂತ ಅಮೆರಿಕ ಹೇಳಿತು. ಗಮನಿಸಿ, ಬಿದ್ದದ್ದು ಲೇಸರ್ ಗುರಿಯ ಬಾಂಬುಗಳು. ಟೀವಿಯಲ್ಲಿ ಅಷ್ಟು ಶುದ್ಧವಾಗಿ ಕಾಣುತ್ತಿದ್ದ ಅದೇ ಜಾತಿಯವು. ಗುರಿ ತಪ್ಪಲೂ ಇಲ್ಲ. ಹಾಕಿದ ಕಡೆಗೇ ಬಿದ್ದವು.

ಯುದ್ಧ ನಡೆಯಲಿಲ್ಲ ಎಂಬ ಬೋದ್ರಿಯಾರ್ ಬರಹದ ಶೀರ್ಷಿಕೆಯನ್ನು ಈ ಸಾವುಗಳ ಪಕ್ಕ ಇಟ್ಟು ಓದಿ. ಪ್ಯಾರಿಸ್ಸಿನ ಒಂದು ಪತ್ರಿಕೆಗೆ ಬರೆಯುವವರಿಗೆ ಆ ಯುದ್ಧ ಪರದೆಯ ಮೇಲಷ್ಟೇ ನಡೆದಿರಬಹುದು. ಆಶ್ರಯತಾಣದ ಒಳಗಿದ್ದವರಿಗೆ ಪರದೆ ಎಲ್ಲಿತ್ತು? ಯಾರು ದೂರದಲ್ಲಿ ಕೂತು ನೋಡುತ್ತಾರೋ ಅವರ ಅನುಭವವನ್ನೇ ಎಲ್ಲರ ಅನುಭವ ಅಂತ ಮಾಡಿಬಿಡುವುದು ಈ ವಿಚಾರದ ದೊಡ್ಡ ದೋಷ. ನನಗೆ ಇದನ್ನು ಮೆತ್ತಗೆ ಹೇಳಲು ಬರುವುದಿಲ್ಲ.

ಅರ್ಧವಿರಾಮ

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಬೋದ್ರಿಯಾರ್ ಬರೆದದ್ದನ್ನು ಸರಿಯಾಗಿ ಇಡೋಣ. ಯಾರೂ ಸಾಯಲಿಲ್ಲ ಅಂತ ಅವರು ಎಲ್ಲೂ ಹೇಳಿಲ್ಲ. ಫಲಿತಾಂಶ ಮೊದಲೇ ಬರೆದಿಟ್ಟ, ಎದುರಾಳಿಗಳು ನಿಜವಾಗಿ ಮುಖಾಮುಖಿಯೇ ಆಗದ ಒಂದು ಕಾರ್ಯಾಚರಣೆಯನ್ನು ಯುದ್ಧ ಅನ್ನಬಹುದೇ ಎಂಬುದು ಅವರ ಪ್ರಶ್ನೆ. ಅದು ಯುದ್ಧ ನಡೆಸಿದವರ ಮೇಲಿನ ಟೀಕೆ. ಸತ್ತವರನ್ನು ಅಲ್ಲಗಳೆಯುವ ಮಾತಲ್ಲ.

ಬಿಸಿಲುಕುದುರೆ

ಅದು ಗೊತ್ತು. ಹಾಗಿದ್ದರೂ ಸತ್ತವರು ಆ ಬರಹಗಳಲ್ಲಿ ವಾದದ ಒಂದು ಸಾಮಗ್ರಿಯಾಗಿ ಮಾತ್ರ ಬರುತ್ತಾರೆ. ಇನ್ನೊಂದು ಮಾತು. ಅಮಿರಿಯಾ ಆದ ಮೇಲೆ ವಿದೇಶಿ ಟೀವಿ ತಂಡಗಳು ಒಳಗೆ ಹೋಗಿ ಚಿತ್ರೀಕರಿಸಿದವು. ಆ ಚಿತ್ರಗಳು ಜಗತ್ತಿಗೆ ತಲುಪಿದವು. ಅದಾದ ಮೇಲೆ ಬಾಗ್ದಾದ್ ನಗರದೊಳಗಿನ ದಾಳಿಗಳನ್ನು ಅಮೆರಿಕ ತಗ್ಗಿಸಿತು. ಅಂದರೆ ಚಿತ್ರಕ್ಕೆ ನಿಜದ ಜೊತೆ ಸಂಬಂಧ ಇತ್ತು, ಅದು ಕೆಲಸವನ್ನೂ ಮಾಡಿತು. ನಾಲ್ಕನೇ ಹಂತ ಅಂತ ಕೈ ಚೆಲ್ಲಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.

ಡೆಸ್ಕ್_ರಾತ್ರಿಪಾಳಿ

ಇದು ನನ್ನನ್ನು ಯೋಚನೆಗೆ ಹಚ್ಚಿತು. ಎರಡೂ ಟೀವಿಯೇ, ಎರಡೂ ಅಸಲಿ ದೃಶ್ಯಗಳೇ. ಒಂದನ್ನು ಬಾಂಬು ಹಾಕಿದವರು ತೆಗೆದು ಕೊಟ್ಟರು. ಇನ್ನೊಂದನ್ನು ತೆಗೆಯಲು ಯಾರೋ ಅಲ್ಲಿಯವರೆಗೆ ನಡೆದು ಹೋಗಬೇಕಾಯಿತು. ಡೆಸ್ಕಿನಲ್ಲಿ ಕೂತಾಗ ಎರಡೂ ಒಂದೇ ಪರದೆಯ ಮೇಲೆ ಬರುತ್ತವೆ, ಒಂದೇ ಅಳತೆಯಲ್ಲಿ. ನಡೆದು ಹೋದದ್ದು ಪರದೆಯಲ್ಲಿ ಕಾಣುವುದಿಲ್ಲ.

ಗೇರುಮರ

ನಕಲು ಅಂದ ತಕ್ಷಣ ಅರ್ಥ ಹಾಳಾಯಿತು ಅಂತ ಯಾಕೆ ಅಂದುಕೊಳ್ಳಬೇಕು? ಫ್ರಾನ್ಸಿನ ಲಾಸ್ಕೋ ಗುಹೆ ನೋಡಿ. ಸುಮಾರು 17,000 ವರ್ಷ ಹಳೆಯ ಚಿತ್ರಗಳು. 1940ರಲ್ಲಿ ಸಿಕ್ಕವು, 1948ರಲ್ಲಿ ಜನರಿಗೆ ತೆರೆದರು. ನೋಡಲು ಬಂದವರ ಉಸಿರಿನಿಂದಲೇ ಗೋಡೆಗಳು ಹಾಳಾಗತೊಡಗಿದವು, ಪಾಚಿ ಬಂತು. 1963ರಲ್ಲಿ ಮುಚ್ಚಿದರು. 1983ರಲ್ಲಿ ಹತ್ತಿರದಲ್ಲೇ ಒಂದು ನಕಲು ಗುಹೆ ತೆರೆಯಿತು. 2016ರಲ್ಲಿ ಇನ್ನೂ ಪೂರ್ಣವಾದ ಇನ್ನೊಂದು ನಕಲು ಬಂತು.

ಬೋದ್ರಿಯಾರ್ ಇದನ್ನೂ ಎತ್ತಿಕೊಂಡಿದ್ದಾರೆ. ನಕಲು ಮಾಡಿದ ಕ್ಷಣಕ್ಕೆ ಅಸಲಿಯೂ ಕೃತಕವಾಯಿತು ಅಂತ ಅವರ ವಾದ. ನನಗೆ ಇದು ತಲೆಗೆ ಹತ್ತುವುದಿಲ್ಲ. ಮೊದಲ ನಕಲಿನ ಚಿತ್ರಗಳನ್ನು ಮೊನಿಕ್ ಪೆಯ್ತ್ರಾಲ್ ಎಂಬ ಕಲಾವಿದೆ ವರ್ಷಗಟ್ಟಲೆ ಕೂತು ಕೈಯಿಂದ ಬಿಡಿಸಿದರು. ಗೋಡೆಯ ಉಬ್ಬು ತಗ್ಗು ನೋಡಿಕೊಂಡು, ಮಣ್ಣಿನ ಬಣ್ಣ ಹಚ್ಚಿ. ಆ ಕೆಲಸದಲ್ಲಿ ಹಿಂದಿನವರ ಕೈ ಹೇಗೆ ಓಡಿರಬಹುದು ಎಂಬ ತಿಳಿವಳಿಕೆಯೂ ಇದೆ, ಅವರ ಮೇಲಿನ ಗೌರವವೂ ಇದೆ. ನೋಡಲು ಹೋದವರಿಗೆ ಇದು ನಕಲು ಅಂತ ಬಾಗಿಲಲ್ಲೇ ಹೇಳುತ್ತಾರೆ. ಯಾರಿಗೂ ಮೋಸ ಇಲ್ಲ. ಅಸಲಿ ಚಿತ್ರಗಳು ಕತ್ತಲಲ್ಲಿ ಉಳಿದಿವೆ. ಈ ನಕಲು ಇಲ್ಲದಿದ್ದರೆ, ಅಸಲಿಯನ್ನು ಮತ್ತೆ ತೆರೆಯಿರಿ ಎಂಬ ಒತ್ತಡ ಇದ್ದೇ ಇರುತ್ತಿತ್ತು.

ನಿಧಾನಓದು

ಗೇರುಮರ ಅವರೇ, ನಾನು ಹುಡುಕುತ್ತಿದ್ದ ಉದಾಹರಣೆ ಇದು. ಲಾಸ್ಕೋದ ನಕಲಿಗೆ ಅದನ್ನು ಮಾಡಿದವರ ಹೆಸರು ಇದೆ, ಮಾಡಿದ ಕಾರಣ ಇದೆ. ಪೆಂಟಗನ್ ಚಿತ್ರಕ್ಕೆ ಎರಡೂ ಇರಲಿಲ್ಲ.

ಅರ್ಧವಿರಾಮ

ಆದರೆ ಅರ್ಥ ಚಿತ್ರದೊಳಗೆ ಮಾತ್ರ ಕೂತಿರುವುದಿಲ್ಲ, ಅದನ್ನೂ ಸೇರಿಸಿಕೊಳ್ಳಬೇಕು. ಸುಮಾರು ನೂರು ವರ್ಷದ ಹಿಂದೆ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಸಿನಿಮಾ ಕಲಿತವರಿಗೆಲ್ಲ ಗೊತ್ತು. ನಟನೊಬ್ಬನ ಒಂದೇ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಗು, ಒಮ್ಮೆ ಒಬ್ಬ ಹೆಣ್ಣು. ಹಸಿವು, ದುಃಖ, ಆಸೆ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ ಅಂತ ನೋಡಿದವರು ಮೆಚ್ಚಿದರಂತೆ. ಮುಖ ಬದಲಾಗಿರಲಿಲ್ಲ. ಇವತ್ತು ಫೋನಿನಲ್ಲಿ ಬೆರಳಾಡಿಸುವಾಗ ಒಂದು ಸಾವಿನ ಸುದ್ದಿಯ ಮೇಲೆ ಮದುವೆ ಫೋಟೋ, ಕೆಳಗೆ ಶೂ ಜಾಹೀರಾತು. ಈ ಜೋಡಣೆ ಮಾಡುವ ಸಂಪಾದಕ ಒಬ್ಬ ಮನುಷ್ಯನಲ್ಲ. ನಮ್ಮ ಗಮನವನ್ನು ಹಿಡಿದಿಡಲು ಬರೆದ ಲೆಕ್ಕಾಚಾರ. ಕುಲೆಶೋವ್‌ಗೆ ಏನು ಹೇಳಬೇಕು ಅಂತ ಒಂದು ಉದ್ದೇಶ ಇತ್ತು. ಇದಕ್ಕೆ ಅದೂ ಇಲ್ಲ.

ಹಾಗಂತ ನೋಡುವವರು ಖಾಲಿ ಪಾತ್ರೆಗಳಲ್ಲ. ಬ್ರಿಟನ್ನಿನ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲೇ ಇದನ್ನು ತೋರಿಸಿದರು. ಟೀವಿ ಹೇಳಿದ್ದನ್ನು ಕೆಲವರು ಹಾಗೇ ಒಪ್ಪುತ್ತಾರೆ. ಕೆಲವರು ತಮ್ಮ ಅನುಭವ ಸೇರಿಸಿ ಅರ್ಧ ಒಪ್ಪುತ್ತಾರೆ. ಕೆಲವರು ಪೂರ್ತಿ ಉಲ್ಟಾ ಓದುತ್ತಾರೆ. ಬೋದ್ರಿಯಾರ್ ಓದುವಾಗ ನನಗೆ ಸಿಗದೇ ಹೋಗುವುದು ಈ ಉಲ್ಟಾ ಓದುವ ಮನುಷ್ಯ.

ಕಪ್ಪುಹಲಗೆ

ಉಲ್ಟಾ ಓದುವುದೇ ಈಗ ನನಗೆ ತಲೆನೋವು! ತರಗತಿಯಲ್ಲಿ ಒಂದು ಅಸಲಿ ಯುದ್ಧದ ಫೋಟೋ ತೋರಿಸಿದೆ. ಹಿಂದಿನ ಬೆಂಚಿನಿಂದ ಒಂದೇ ಮಾತು: ಎಐ ಇರಬೇಕು ಮೇಡಂ. ಯಾಕೆ ಹಾಗನ್ನಿಸಿತು ಅಂದರೆ ಕಾರಣ ಇಲ್ಲ. ನೋಡಲು ಕಷ್ಟವಾದದ್ದನ್ನು ತಳ್ಳಿಹಾಕಲು ಅದೊಂದು ಸುಲಭದ ದಾರಿ ಆಗಿದೆ. ಮಕ್ಕಳು ಮೋಸ ಹೋಗುತ್ತಾರೆ ಅಂತ ನಾನು ಹೆದರುತ್ತಿದ್ದೆ. ಈಗ ಯಾವುದನ್ನೂ ನಂಬುವುದಿಲ್ಲವಲ್ಲ ಅಂತ ಅದಕ್ಕಿಂತ ಜಾಸ್ತಿ ಹೆದರಿಕೆ.

ಬಿಸಿಲುಕುದುರೆ

ಇದರ ಲಾಭ ಪಡೆಯುವವರು ಇದ್ದಾರೆ, ಮೇಡಂ. ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಬಾಬಿ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಇದನ್ನು ಸುಳ್ಳುಗಾರನಿಗೆ ಸಿಗುವ ಲಾಭಾಂಶ ಅಂತ ಕರೆದರು. ನಕಲಿ ವಿಡಿಯೋ ಇದೆ ಅಂತ ಎಲ್ಲರಿಗೂ ಗೊತ್ತಾದಷ್ಟೂ, ತಪ್ಪು ಮಾಡಿ ಕ್ಯಾಮೆರಾಗೆ ಸಿಕ್ಕಿಬಿದ್ದವನು ಅದು ನಾನಲ್ಲ ಅನ್ನುವುದು ಸುಲಭವಾಗುತ್ತದೆ.

ಅನುಮಾನ ಎರಡೂ ಕಡೆ ಕೆಲಸ ಮಾಡುತ್ತದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಐ ಚಿತ್ರವೊಂದನ್ನು ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಗೆ ಕಳಿಸಿದರು. ಬಹುಮಾನ ಬಂತು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಮರುವರ್ಷ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಇದಕ್ಕೆ ಉಲ್ಟಾ ಮಾಡಿದರು. ಫ್ಲೆಮಿಂಗೊ ಹಕ್ಕಿ ತಲೆಯನ್ನು ಹೊಟ್ಟೆಯ ಕಡೆಗೆ ಬಗ್ಗಿಸಿ ಕೆರೆದುಕೊಳ್ಳುತ್ತಿದೆ, ತಲೆಯೇ ಇಲ್ಲದಂತೆ ಕಾಣುತ್ತದೆ. ಅಸಲಿ ಫೋಟೋ. ಅದನ್ನು ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದರು. ಅಲ್ಲಿ ಅದೂ ಬಹುಮಾನ ಗೆದ್ದಿತು. ಅವರು ನಿಜ ಹೇಳಿದ ಮೇಲೆ ಅದನ್ನು ಅನರ್ಹ ಮಾಡಿದರು. ಪಳಗಿದ ತೀರ್ಪುಗಾರರ ಕಣ್ಣಿಗೂ ಚಿತ್ರ ಮಾತ್ರ ಇಟ್ಟರೆ ಹೇಳಲು ಆಗಲಿಲ್ಲ. ಎರಡೂ ಸಲ ವಿಷಯ ಬಯಲಾದದ್ದು ಮಾಡಿದವರು ಬಾಯಿ ಬಿಟ್ಟದ್ದರಿಂದ.

ಯಂತ್ರಪಾಠ

ತಾಂತ್ರಿಕ ಕಡೆಯಿಂದ ಒಂದು ಮಾತು. 2024ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಭಾಷಾ ಮಾದರಿಯೊಂದು, ಅಂದರೆ ಬರಹ ತಯಾರಿಸುವ ಎಐ, ಬರೆದ ಪಠ್ಯವನ್ನೇ ಮುಂದಿನ ಮಾದರಿಗೆ ಕಲಿಕೆಗೆ ಕೊಡುತ್ತಾ ಹೋದರು. ತಲೆಮಾರು ಕಳೆದಂತೆ ಬರಹ ಕೆಟ್ಟಿತು, ಕೊನೆಗೆ ಅರ್ಥವಿಲ್ಲದ ಸಾಲುಗಳು ಬಂದವು. ಮೊದಲು ಮಾಯವಾಗುವುದು ಅಪರೂಪದ ಸಂಗತಿಗಳು. ಸಾಮಾನ್ಯವಾದದ್ದು ಮತ್ತಷ್ಟು ಸಾಮಾನ್ಯವಾಗುತ್ತದೆ. ರಾತ್ರಿಪಾಳಿ ಅವರು ಹೇಳಿದ ಪ್ರವಾಹದ ಕೆಸರು ಹೇಗೆ ಹೊರಗೆ ಉಳಿಯಿತೋ ಹಾಗೇ.

ಬೋದ್ರಿಯಾರ್ ಪ್ರಕಾರ ನಕಲುಗಳು ಅಸಲಿಲ್ಲದೆ ತಮ್ಮಷ್ಟಕ್ಕೆ ತಿರುಗುತ್ತಾ ಇರಬಹುದು. ಈ ಪ್ರಯೋಗದಲ್ಲಿ ಹಾಗಾಗಲಿಲ್ಲ. ಹೊರಗಿನಿಂದ ಮನುಷ್ಯರು ಬರೆದದ್ದು ಬರದೇ ಹೋದಾಗ ವ್ಯವಸ್ಥೆಯೇ ಕುಸಿಯಿತು.

ನಿಧಾನಓದು

ಯಂತ್ರಪಾಠ ಅವರೇ, ಇದನ್ನು ನಾನು ಈ ಕಡೆಯಿಂದ ಯೋಚಿಸಿರಲಿಲ್ಲ. ತುಂಬಾ ಉಪಯೋಗ ಆಯಿತು.

ಕಪ್ಪುಹಲಗೆ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಜನ ಮಾಧ್ಯಮಕ್ಕೆ ಬೇಗ ಮೋಸ ಹೋಗುತ್ತಾರೆ ಎಂಬ ನಂಬಿಕೆಯೂ ಮಾಧ್ಯಮದ್ದೇ ಸೃಷ್ಟಿ ಆಗಿರಬಹುದು. 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ಒಂದು ನಾಟಕ ಪ್ರಸಾರ ಮಾಡಿದರು. ಮಂಗಳ ಗ್ರಹದವರು ಭೂಮಿಗೆ ದಾಳಿ ಇಟ್ಟ ಕಥೆ, ಸುದ್ದಿಯ ಧಾಟಿಯಲ್ಲಿ. ದೇಶವೇ ಬೆಚ್ಚಿ ಬೀದಿಗಿಳಿಯಿತು ಅಂತ ಮರುದಿನ ಪತ್ರಿಕೆಗಳು ಬರೆದವು. ಇತಿಹಾಸಕಾರರು ಆಮೇಲೆ ಪರಿಶೀಲಿಸಿದಾಗ ಗಾಬರಿ ಆ ಮಟ್ಟದಲ್ಲಿ ಆಗಿರಲಿಲ್ಲ ಅಂತ ತಿಳಿಯಿತು. ಆ ಹೊತ್ತಿಗೆ ಹೆಚ್ಚಿನವರು ಬೇರೆ ಸ್ಟೇಷನ್ ಕೇಳುತ್ತಿದ್ದರು. ಜಾಹೀರಾತಿನ ಹಣವನ್ನು ರೇಡಿಯೋ ಕಸಿಯುತ್ತಿದ್ದ ಕಾಲ ಅದು. ರೇಡಿಯೋ ಅಪಾಯಕಾರಿ ಅಂತ ತೋರಿಸುವುದು ಪತ್ರಿಕೆಗಳಿಗೂ ಬೇಕಿತ್ತು. ನಾಟಕ ಅಂತ ಹೇಳಿ ಮಾಡಿದ ನಾಟಕಕ್ಕಿಂತ, ಸುದ್ದಿ ಅಂತ ಬರೆದ ಸುದ್ದಿಯೇ ಜಾಸ್ತಿ ಜನರ ತಲೆಯಲ್ಲಿ ದಶಕಗಳ ಕಾಲ ಉಳಿಯಿತು.

ಕಪ್ಪುಹಲಗೆ

ಹಾಗಾದರೆ ಹಿಂದಿನ ಬೆಂಚಿಗೆ ನಾನು ಏನು ಹೇಳಲಿ? ಎಐ ಚಿತ್ರ ಪತ್ತೆಹಚ್ಚಲು ಬೆರಳು ಎಣಿಸಿ, ನೆರಳು ನೋಡಿ ಅಂತ ಹೇಳಿಕೊಟ್ಟದ್ದು ವರ್ಷದೊಳಗೆ ಹಳೆಯದಾಗುತ್ತದೆ.

ಡೆಸ್ಕ್_ರಾತ್ರಿಪಾಳಿ

ಬೆರಳು ಎಣಿಸುವುದು ಬಿಟ್ಟುಬಿಡಿ. ಡೆಸ್ಕಿನಲ್ಲಿ ಒಳ್ಳೆಯ ಹಿರಿಯರು ನಮಗೆ ಕಲಿಸಿದ್ದು ಚಿತ್ರದ ಹೊರಗೆ ನೋಡಲು. ಇದನ್ನು ಮೊದಲು ಹಾಕಿದವರು ಯಾರು? ಅವರು ಅಲ್ಲಿದ್ದರೇ? ಅದೇ ಹೊತ್ತಿಗೆ ಅಲ್ಲಿದ್ದ ಇನ್ನೊಬ್ಬರು ಏನು ಹೇಳುತ್ತಾರೆ? ಇದು ಸುಳ್ಳಾದರೆ ಯಾರು ತಿದ್ದುಪಡಿ ಹಾಕುತ್ತಾರೆ, ಹಿಂದೆ ಹಾಕಿದ್ದಾರೆಯೇ? ಕೊನೆಯ ಪ್ರಶ್ನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ತಪ್ಪನ್ನು ತಿದ್ದಿದ ದಾಖಲೆ ಇಲ್ಲದ ಕಡೆಯಿಂದ ಬಂದದ್ದನ್ನು, ಎಷ್ಟೇ ಒಳ್ಳೆಯ ದೃಶ್ಯ ಆಗಿರಲಿ, ಪಕ್ಕಕ್ಕೆ ಇಟ್ಟು ಕಾಯುತ್ತೇನೆ. ಕಾಯುವುದು ನಮ್ಮ ಕೆಲಸದಲ್ಲಿ ಕಷ್ಟ. ಪಕ್ಕದ ಚಾನೆಲ್ ಆಗಲೇ ಹಾಕಿರುತ್ತದೆ. ಮಕ್ಕಳಿಗೆ ಆ ಒತ್ತಡ ಇಲ್ಲ, ಅವರು ಕಾಯಬಹುದು.

ಬಿಸಿಲುಕುದುರೆ

ಅದರ ಜೊತೆಗೆ ಕೊಲ್ಲಿ ಯುದ್ಧದ ಆ ಎರಡು ದೃಶ್ಯಗಳನ್ನು ಒಟ್ಟಿಗೆ ಕೊಡಿ. ಬಾಂಬಿನ ತುದಿಯಿಂದ ಕಂಡದ್ದು ಒಂದು, ಅಮಿರಿಯಾದ ಬಾಗಿಲಿನಿಂದ ಕಂಡದ್ದು ಒಂದು. ಶವಗಳ ಚಿತ್ರ ಬೇಡ, ಹೊರಗಿನದು ಸಾಕು. ಯಾವುದು ಅಸಲಿ ಅಂತ ಕೇಳಬೇಡಿ, ಎರಡೂ ಅಸಲಿ. ಕ್ಯಾಮೆರಾ ಯಾರ ಕೈಯಲ್ಲಿತ್ತು ಅಂತ ಕೇಳಿ.

ಕಪ್ಪುಹಲಗೆ

ಇದನ್ನು ಮಾಡಬಹುದು. ಒಂಬತ್ತನೇ ತರಗತಿಗೆ ಬೇಡ, ಹತ್ತನೆಯವರಿಗೆ ಕೊಡುತ್ತೇನೆ. ಲಾಸ್ಕೋದ ನಕಲನ್ನೂ ಜೊತೆಗೆ ಇಡುತ್ತೇನೆ, ಇಲ್ಲದಿದ್ದರೆ ನಕಲೆಲ್ಲ ಕೆಟ್ಟದ್ದು ಅಂತ ತೀರ್ಮಾನ ಮಾಡಿಬಿಡುತ್ತಾರೆ. ಫ್ಲೆಮಿಂಗೊ ಫೋಟೋವನ್ನು ಹಿಂದಿನ ಬೆಂಚಿಗೇ ಮೊದಲು ತೋರಿಸುವೆ. ಅವರು ಏನು ಕೇಳಿದರು ಅಂತ ಇಲ್ಲೇ ಬಂದು ಬರೆಯುತ್ತೇನೆ. ಉತ್ತರ ನನ್ನಿಂದಾಗದಿದ್ದರೆ ನೀವೇ ಕೊಡಬೇಕು.